ಏಕವಚನದ ಹಕ್ಕು

ಕಾಲೇಜು ಬಿಟ್ಟು 25 ಅಥವಾ 30 ವರ್ಷಗಳಾದ ಮೇಲೆ ಸಹಪಾಠಿಗಳು ಒಂದೆಡೆ ಸೇರುವ ಪರಿಪಾಠ ಈಗ ನಮ್ಮ ಸಣ್ಣ ಊರುಗಳಲ್ಲೂ ಬೇರೂರಿದೆ. ನಿವೃತ್ತ ಗುರುಗಳಿಗೆ ಶಾಲು ಹೊದಿಸಿ, ಅಗಲಿದವರಿಗಾಗಿ ಒಂದು ನಿಮಿಷ ಮೌನ ಆಚರಿಸಿ, ಊಟ ಮುಗಿಸಿ, ಒಟ್ಟಿಗೆ ಭಾವಚಿತ್ರ ತೆಗೆಸಿಕೊಂಡು ಚದುರುತ್ತಾರೆ. ಇದರಲ್ಲಿ ನಿಜವಾದ ಸಂತೋಷವಿದೆ. ತಂದೆತಾಯಿ ತೀರಿಕೊಂಡ ಮೇಲೆ, ಐವತ್ತು ದಾಟಿದವನನ್ನು 'ಏನೋ, ಹೇಗಿದ್ದೀಯೋ' ಎಂದು ವಿಚಾರಿಸುವವರು ಎಷ್ಟು ಮಂದಿ ಉಳಿದಿರುತ್ತಾರೆ? ಕಚೇರಿಯಲ್ಲಿ ಅವನು 'ಸಾರ್', ಬೀದಿಯ ಮಕ್ಕಳಿಗೆ 'ಅಂಕಲ್'. ಸಹಪಾಠಿಗೆ ಮಾತ್ರ ಅವನು ಇನ್ನೂ 'ನೀನು'.

ಆದರೆ ಅಂಥ ಕೂಟದಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತರೆ, ಆ ಏಕವಚನ ಎಲ್ಲರಿಗೂ ಸಮನಾಗಿ ಸಲ್ಲುತ್ತಿಲ್ಲವೆಂಬುದು ತಿಳಿಯುತ್ತದೆ. ಸರಕಾರಿ ವಾಹನದಲ್ಲಿ ಬಂದಿಳಿದವನಿಗೆ ಹಳೆಯ ಗೆಳೆಯರ ನಾಲಿಗೆ ತಾನಾಗಿಯೇ 'ನೀವು' ಎನ್ನುತ್ತದೆ. ಬಸ್ ನಿಲ್ದಾಣದ ಬಳಿ ಸಣ್ಣ ಹೋಟೆಲು ನಡೆಸುವವನು 'ನೀನು' ಆಗಿಯೇ ಉಳಿಯುತ್ತಾನೆ. ಮೇಲಾಗಿ ಆ ದಿನದ ಊಟದ ವ್ಯವಸ್ಥೆಯೂ ಅವನ ಹೆಗಲಿಗೇ ಬೀಳುತ್ತದೆ. (ತರಗತಿಗೇ ಮೊದಲಿಗಳಾಗಿದ್ದ ಹೆಣ್ಣುಮಗಳಿಗೂ 'ಯಜಮಾನರು ಏನು ಮಾಡುತ್ತಾರೆ' ಎಂಬ ಪ್ರಶ್ನೆ ತಪ್ಪಿದ್ದಲ್ಲ.) ಹಾಗಾದರೆ ಹಳೆಯ ಸ್ನೇಹವು ನಮಗೆ ಕೊಡುವ ಹಕ್ಕು ಯಾವುದು? ಒಟ್ಟಿಗೆ ಕಲಿತೆವೆಂಬ ಒಂದೇ ಕಾರಣಕ್ಕೆ ಏನನ್ನು ಬಯಸಬಹುದು?

ಮಹಾಭಾರತದ ದ್ರೋಣ ಮತ್ತು ದ್ರುಪದರು ಒಂದೇ ಆಶ್ರಮದಲ್ಲಿ ಬೆಳೆದ ಗೆಳೆಯರು. ಬಡತನದಿಂದ ಬೇಸತ್ತ ದ್ರೋಣ, ಅರಸನಾಗಿದ್ದ ಗೆಳೆಯನ ಬಾಗಿಲಿಗೆ ಬಂದಾಗ, ಸ್ನೇಹವೇನಿದ್ದರೂ ಸಮಾನರಲ್ಲಿ ಎಂದು ದ್ರುಪದ ಅವನನ್ನು ಅವಮಾನಿಸಿದ. ದ್ರೋಣ ಶಿಷ್ಯರ ಬಲದಿಂದ ಅವನನ್ನು ಸೆರೆಹಿಡಿಸಿ ಅರ್ಧ ರಾಜ್ಯವನ್ನೇ ಕಿತ್ತುಕೊಂಡ. ಒಬ್ಬನು ಗುರುತನ್ನೇ ನಿರಾಕರಿಸಿದ; ಇನ್ನೊಬ್ಬನು ಗುರುತನ್ನು ಸಾಲಪತ್ರವನ್ನಾಗಿ ಮಾಡಿಕೊಂಡ.

ಧರ್ಮಸಭೆಯ ಚರಿತ್ರೆಯಲ್ಲಿಯೂ ಇಂಥ ಒಂದು ಜೋಡಿಯಿದೆ. ಅವರ ಜಗಳ ನಮ್ಮ ಜಗಳಗಳಿಗೆ ಇನ್ನಷ್ಟು ಹತ್ತಿರವಾದದ್ದು. ಸಂತ ಬಾಸಿಲ್ ಮತ್ತು ಸಂತ ಗ್ರೆಗೋರಿ ಇಬ್ಬರೂ ಇಂದಿನ ತುರ್ಕಿಯಲ್ಲಿರುವ ಕಪ್ಪದೋಕ್ಯದವರು, ಸುಮಾರು 330ರಲ್ಲಿ ಹುಟ್ಟಿದವರು. ಉನ್ನತ ವ್ಯಾಸಂಗಕ್ಕೆಂದು ಅಥೆನ್ಸಿಗೆ ಹೋದಾಗ ಅವರ ಸ್ನೇಹ ಗಟ್ಟಿಯಾಯಿತು. ಹೊಸ ವಿದ್ಯಾರ್ಥಿಗಳನ್ನು ಹಳಬರು ಗೇಲಿ ಮಾಡಿ ಸ್ನಾನಗೃಹದವರೆಗೆ ಮೆರವಣಿಗೆಯಲ್ಲಿ ಒಯ್ಯುವ ಪದ್ಧತಿ ಅಲ್ಲಿತ್ತು. ರ‍್ಯಾಗಿಂಗ್ ನಮ್ಮ ಕಾಲದ ಪಿಡುಗೇನಲ್ಲ! ಮೊದಲೇ ಬಂದಿದ್ದ ಗ್ರೆಗೋರಿ ಹಳಬರಿಗೆ ಹೇಳಿ ಬಾಸಿಲನನ್ನು ಅದರಿಂದ ಪಾರುಮಾಡಿದ.

ಮುಂದೆ 370ರಲ್ಲಿ ಬಾಸಿಲ್ ಕೈಸರೈಯದ ಧರ್ಮಾಧ್ಯಕ್ಷನಾದ. ಸುಮಾರು 372ರಲ್ಲಿ ಚಕ್ರವರ್ತಿ ವಾಲೆನ್ಸ್ ಆ ಪ್ರಾಂತವನ್ನು ಎರಡಾಗಿ ಒಡೆದಾಗ, ತನ್ನ ಅಧಿಕಾರ ಕುಗ್ಗದಿರಲೆಂದು ಬಾಸಿಲ್ ಹೊಸ ಪೀಠಗಳನ್ನು ಸ್ಥಾಪಿಸಿ ನಂಬಿಕಸ್ಥರನ್ನು ನೇಮಿಸತೊಡಗಿದ. ನಲವತ್ತರ ಆಸುಪಾಸಿನಲ್ಲಿದ್ದ ಗ್ರೆಗೋರಿಯ ಪಾಲಿಗೆ ಬಂದದ್ದು ಸಾಸಿಮ: ಧೂಳು, ಬಂಡಿಗಳ ಸದ್ದು ತುಂಬಿದ, ದಾರಿ ಕವಲೊಡೆಯುವ ಒಂದು ಪುಟ್ಟ ತಂಗುದಾಣ. ಏಕಾಂತವನ್ನು ಬಯಸುತ್ತಿದ್ದ ಗೆಳೆಯನ ಸ್ವಭಾವ ಬಾಸಿಲನಿಗೆ ತಿಳಿಯದ್ದೇನಲ್ಲ. ಗ್ರೆಗೋರಿ ಒಲ್ಲೆನೆಂದಾಗ ಅವನಿಗೆ ಸೋಮಾರಿಯೆಂಬ ಆರೋಪ ಬಂತು, ಪತ್ರಗಳು ಕಹಿಯಾದವು. 379ರ ಸುಮಾರಿಗೆ ಬಾಸಿಲ್ ತೀರಿಕೊಂಡಾಗ ಕಾಯಿಲೆಯಲ್ಲಿದ್ದ ಗ್ರೆಗೋರಿಗೆ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ.

ಕೆಲವು ವರ್ಷಗಳ ತರುವಾಯ ಅವನು ಬಾಸಿಲನ ನೆನಪಿಗಾಗಿ ದೀರ್ಘವಾದ ಉಪನ್ಯಾಸವನ್ನು ರಚಿಸಿದ. ಅಥೆನ್ಸಿನ ದಿನಗಳನ್ನು ಅದರಲ್ಲಿ ಅಷ್ಟೊಂದು ಅಕ್ಕರೆಯಿಂದ ಬಣ್ಣಿಸುತ್ತಾನೆ. ಗೆಳೆಯನ ಗುಣಗಳನ್ನು ಮನಸಾರೆ ಕೊಂಡಾಡುತ್ತಾನೆ. ಅದರ ಮಧ್ಯೆಯೇ, ಸಾಸಿಮದ ನೋವು ಕಾಲ ಕಳೆದರೂ ಮಾಸಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ನನಗೆ ಈ ಉಪನ್ಯಾಸದ ಮೇಲೆ ಗೌರವ ಹುಟ್ಟುವುದು ಈ ಕಾರಣಕ್ಕೇ. ಸತ್ತವರ ಬಗ್ಗೆ ಸವಿನುಡಿಗಳನ್ನಷ್ಟೇ ಆಡುವುದು ಸುಲಭ. ಪ್ರೀತಿಯನ್ನೂ ಗಾಯವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನು ನಿಜವಾದ ಗೆಳೆಯ. ಜನವರಿ 2ರಂದು ಧರ್ಮಸಭೆ ಇವರಿಬ್ಬರ ಹಬ್ಬವನ್ನು ಒಟ್ಟಿಗೇ ಆಚರಿಸುತ್ತದೆ.

ಬಾಸಿಲನ ಅಗತ್ಯ ಸುಳ್ಳಲ್ಲ, ಉದ್ದೇಶವೂ ಕೀಳಲ್ಲ. ಹಳೆಯ ಸಲುಗೆಯನ್ನೇ ಒಪ್ಪಿಗೆಯೆಂದು ಭಾವಿಸಿದ್ದು ಅವನ ತಪ್ಪು. ನಮ್ಮ ಕೂಟಗಳಲ್ಲಿಯೂ ಇದು ನಡೆಯುತ್ತದೆ: 'ನೀನಲ್ಲದೆ ಇನ್ನಾರು ಮಾಡಿಕೊಡಬೇಕು' ಎಂಬ ಒಂದೇ ಮಾತಿನಲ್ಲಿ ವಿಮೆಯ ಪಾಲಿಸಿ, ಮಗನಿಗೆ ಸೀಟು, ವರ್ಗಾವಣೆಯ ಶಿಫಾರಸು ಎಲ್ಲವೂ ಹಿಂಬಾಲಿಸುತ್ತವೆ. ಕೇಳುವುದೇ ತಪ್ಪೆಂದು ನಾನು ಹೇಳಲಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವನು ಸಹಪಾಠಿಗಳಲ್ಲದೆ ಬೇರಾರನ್ನು ಕೇಳಬೇಕು? ಆದರೆ ಕೇಳುವುದೆಂದರೆ, 'ಆಗದು' ಎಂಬ ಉತ್ತರಕ್ಕೂ ಜಾಗವಿಟ್ಟು ಕೇಳುವುದು. ಆ ಉತ್ತರ ಬಂದ ಮೇಲೂ ಏಕವಚನವನ್ನು ಉಳಿಸಿಕೊಳ್ಳುವುದು. ಹಣ, ಪ್ರಭಾವ, ಸಮಯ ಇವು ಗೆಳೆಯನ ಸ್ವಂತದವು. ಬಾಗಿಲಲ್ಲಿ ಗುರುತಿಸಿ ಒಳಗೆ ಕರೆಯುವುದೊಂದೇ ಒಟ್ಟಿಗೆ ಕಲಿತವರು ಪರಸ್ಪರ ತೀರಿಸಬೇಕಾದ ಋಣ. ದ್ರುಪದ ತಪ್ಪಿದ್ದು ಅಲ್ಲಿಯೇ.

ಕೂಟಕ್ಕೆ ಬಾರದವರಿಗೂ ಈ ಋಣ ಸಲ್ಲಬೇಕು. ಪ್ರತಿ ಪಟ್ಟಿಯಲ್ಲೂ ದೂರವಾಣಿ ಸಂಖ್ಯೆಯಿಲ್ಲದ ಕೆಲವು ಹೆಸರುಗಳಿರುತ್ತವೆ. ಕೆಲಸ ಕಳೆದುಕೊಂಡವನು, ದಾಂಪತ್ಯ ಮುರಿದವಳು, ಕುಡಿತಕ್ಕೆ ಬಿದ್ದವನು ವಿಳಾಸ ಕೊಡಲು ಹಿಂಜರಿಯುತ್ತಾರೆ. ನನ್ನ ಪರಿಚಯದ ಒಬ್ಬರು ಇಂಥ ಸಹಪಾಠಿಯೊಬ್ಬನನ್ನು ಹುಡುಕಿಕೊಂಡು, ಆಮಂತ್ರಣ ಪತ್ರಿಕೆಯನ್ನೂ ಒಯ್ಯದೆ, ಒಂದು ಭಾನುವಾರ ಬಲಿಪೂಜೆಯ ನಂತರ ಅವನ ಮನೆಗೆ ಹೋದರು. ಅವನು ಬಾಗಿಲಲ್ಲಿ ನಿಂತು 'ಬನ್ನಿ, ನೀವು ಯಾರು ಗೊತ್ತಾಗಲಿಲ್ಲ' ಎಂದನಂತೆ. ಇವರು ತಮ್ಮ ಹಾಸ್ಟೆಲಿನ ಅಡ್ಡಹೆಸರು ಹೇಳಿದರು. ಮುಂದಿನ ಕೂಟಕ್ಕೆ ಅವನು ಬರುತ್ತಾನೋ ಇಲ್ಲವೋ ಇನ್ನೂ ತಿಳಿಯದು. ಚಹಾ ಕುಡಿದು ಹೊರಡುವಾಗ ಮಾತ್ರ 'ಇನ್ನೊಮ್ಮೆ ಬಾರೋ' ಎಂದನಂತೆ.