ರಿಟೈರ್ ಆದದ್ದು ಯಾರು?

ನಜರ್‌ಬಾದಿನಲ್ಲಿ ನಾನು ಬಾಡಿಗೆಗಿರುವ ಮನೆಯ ಮುಂದೆ ವರ್ಷದಲ್ಲಿ ಆರು ತಿಂಗಳು ಒಂದು ಟೆಂಪೋ ಟ್ರಾವೆಲರ್ ನಿಂತಿರುತ್ತದೆ. ಹೊರಗಿನಿಂದ ಮದುವೆ ದಿಬ್ಬಣದ ಗಾಡಿ. ಒಳಗೆ ಸೀಟುಗಳಿಲ್ಲ, ಮಡಚುವ ಮಂಚ, ಒಲೆ, 80 ಲೀಟರಿನ ನೀರಿನ ಟ್ಯಾಂಕು. ಮಾಲೀಕರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮಾಡಿಸಿಕೊಂಡ ಕ್ಯಾರವಾನ್. ಉಳಿದ ಆರು ತಿಂಗಳು ಅಂಕಲ್, ಆಂಟಿ ಅದರಲ್ಲೇ ತಲಕಾಡು, ಹಂಪಿ, ಗೋಕರ್ಣ ಎಂದು ಸುತ್ತುತ್ತಾರೆ.

ಆಸ್ಟ್ರೇಲಿಯಾದಲ್ಲಿ ಇಂಥವರಿಗೆ ‘ಗ್ರೇ ನೊಮ್ಯಾಡ್’ ಎಂಬ ಹೆಸರಿದೆ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಪ್ರಕಟಿಸಿತು. ನಮ್ಮ ಬೀದಿಯವರ ಬಳಿ ಮಾತ್ರ ಹಳೆಯ ಹೆಸರೊಂದು ಸಿದ್ಧವಾಗಿತ್ತು: “ಏನ್ ಸಾರ್, ವಾನಪ್ರಸ್ಥನಾ?” ಅಂಕಲ್ ನಗುತ್ತಾರೆ. ಆಂಟಿ ಒಮ್ಮೆ ನನ್ನ ಹತ್ತಿರ ಹೇಳಿದರು: “ಇವರಿಗೆ ರಿಟೈರ್ಮೆಂಟ್ ಆಯ್ತು ಕಣಮ್ಮ. ನಂಗೆ ಬರೀ ಟ್ರಾನ್ಸ್‌ಫರ್.”

ಆ ಮಾತು ಕೇಳಿದ ಮೇಲೆ ಮನುಸ್ಮೃತಿಯ ಆರನೆಯ ಅಧ್ಯಾಯ ತೆಗೆದೆ. ಮೈ ಸುಕ್ಕುಗಟ್ಟಿ, ತಲೆ ನರೆತು, ಮೊಮ್ಮಗ ಹುಟ್ಟಿದಾಗ ಗೃಹಸ್ಥ ಕಾಡಿಗೆ ಹೊರಡಬೇಕು ಎನ್ನುತ್ತದೆ ಎರಡನೆಯ ಶ್ಲೋಕ. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯೋ, ಜೊತೆಗೆ ಕರೆದುಕೊಂಡೋ ಎನ್ನುತ್ತದೆ ಮೂರನೆಯದು. ಅವಳ ಇಷ್ಟದ ಮಾತೇ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಲ್ಕನೆಯದು. ಮನೆಯ ಅಗ್ನಿಹೋತ್ರವನ್ನೂ ಅದರ ಸಲಕರಣೆಗಳನ್ನೂ ತೆಗೆದುಕೊಂಡೇ ಹೋಗಬೇಕಂತೆ. ಬೆಂಕಿಯನ್ನು ಬಿಡುವುದು ಮುಂದಿನ ಹಂತದ ಮಾತು. ಅಗ್ನಿಹೋತ್ರದ ಬೆಂಕಿ ಅಡುಗೆಯ ಬೆಂಕಿಯಲ್ಲ, ನಿಜ. ಆದರೆ ಒಂದು ದಿನವೂ ಬಿಡದೆ ನೋಡಿಕೊಳ್ಳಬೇಕಾದದ್ದು ಎರಡೂ ಹೌದು. ವಾನಪ್ರಸ್ಥವೆಂದರೆ ಎಲ್ಲವನ್ನೂ ಬಿಡುವುದೆಂದು ನಾನು ಸುಮ್ಮನೆ ನಂಬಿದ್ದೆ.

ಕ್ಯಾರವಾನಿನ ಬದುಕು ನಿಂತಿರುವುದು ನೀರಿನ ಮೇಲೆ. ಪೆಟ್ರೋಲ್ ಬಂಕಿನಲ್ಲೋ ದೇವಸ್ಥಾನದ ನಲ್ಲಿಯಲ್ಲೋ ಕೇಳಿ ಟ್ಯಾಂಕು ತುಂಬಿಸುವವರು ಅಂಕಲ್. ತುಂಬಿಸುವವರಿಗೆ ಖರ್ಚು ಕಾಣುತ್ತದೆ. ಎರಡು ತಟ್ಟೆ, ಒಂದು ಕುಕ್ಕರ್, ಒಂದು ಬಾಣಲೆಗೆ ಎಷ್ಟು ನೀರು ಸಾಕು ಎಂದು ತೋರಿಸಲು ಹೋಗಿ ತಾವೇ ತೊಳೆಯತೊಡಗಿದರಂತೆ. ಮಂಚದಿಂದ ಒಲೆಗೆ ಎರಡೇ ಹೆಜ್ಜೆ; ಪೇಪರ್ ಹಿಡಿದು ಕೂತರೂ ಒಗ್ಗರಣೆ ಕಿವಿಯ ಪಕ್ಕದಲ್ಲೇ ಸಿಡಿಯುತ್ತದೆ. 34 ವರ್ಷದ ಸಂಸಾರದಲ್ಲಿ ಕಾಣದ್ದು ಅಲ್ಲಿ ಕಂಡಿತು. ಸಾರು, ಪಲ್ಯ, ಕೋಸಂಬರಿ ಎಲ್ಲ ಹೋಗಿ ಊಟ ಒಂದೇ ಕುಕ್ಕರಿಗೆ ಇಳಿಯಿತು.

ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು ಚೌಕಾಬಾರ. ಮೃಗಾಲಯದ ಎದುರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಯಾಟಗಳ ಪ್ರದರ್ಶನ ನಡೆಸುತ್ತ ಬಂದಿರುವುದರಿಂದ ನಮ್ಮ ಬಡಾವಣೆಗೆ ಇದೇನೂ ಹೊಸದಲ್ಲ. (1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡ ಮೇಲೆ ಬದುಕಿದ ಮುಮ್ಮಡಿ ಕೃಷ್ಣರಾಜ ಒಡೆಯರು ಕೂಡ ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದವರು. ಒತ್ತಾಯದ ನಿವೃತ್ತಿ ಎನ್ನಬಹುದೇನೋ.) ಕವಡೆ ಬಿಡುವುದರಲ್ಲಿ ಆಂಟಿಯದೇ ಮೇಲುಗೈ. ಮನೆಯಲ್ಲಿದ್ದಾಗ ಅವರು ಆಡಿದ್ದನ್ನು ನಾನು ನೋಡಿಲ್ಲ.

ಏಕೆಂದರೆ ಗಾಡಿ ನಜರ್‌ಬಾದಿಗೆ ಮರಳಿದ ಮಾರನೆಯ ದಿನವೇ ಅಂಕಲ್ ಕುಡಿದಿಟ್ಟ ಕಾಫಿ ಲೋಟ ಟೀಪಾಯಿಯ ಮೇಲೆ ಉಳಿಯುತ್ತದೆ. ಮನೆಯಲ್ಲಿ ಅಡುಗೆಮನೆಗೆ ಬಾಗಿಲಿದೆ, ನಲ್ಲಿಯಲ್ಲಿ ನೀರಿದೆ. ಹಾಗಾದರೆ ಗಾಡಿಯಲ್ಲಿ ನಡೆದದ್ದು ನ್ಯಾಯವೋ, ಬರೀ ಇಕ್ಕಟ್ಟೋ? ನ್ಯಾಯದ ಕೆಲಸ ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದ ಅರಿಸ್ಟಾಟಲ್. ಆರು ತಿಂಗಳ ಅಭ್ಯಾಸ ಸಾಲದೆನ್ನೋಣ, ಎದುರಿಗೆ 34 ವರ್ಷದ ಅಭ್ಯಾಸವಿದೆ. ಅಂಕಲ್ ಕೆಟ್ಟವರಲ್ಲ, ನನ್ನ ಬಾಡಿಗೆ ತಡವಾದರೆ ಕೇಳುವುದೂ ಇಲ್ಲ. ಆದರೆ ಗಾಡಿ ಹತ್ತುವ ಮೊದಲು ‘ಗೊತ್ತಿರಲಿಲ್ಲ’ ಎನ್ನಬಹುದಾಗಿತ್ತು. ಈಗ ಒಂದು ಕುಕ್ಕರ್ ತೊಳೆಯಲು ಎಷ್ಟು ನೀರು ಬೇಕೆಂಬುದೂ ಅವರಿಗೆ ಗೊತ್ತು. ಗೊತ್ತಿದ್ದೂ ಬಿಟ್ಟ ಲೋಟ ಗೊತ್ತಿಲ್ಲದೆ ಬಿಟ್ಟ ಲೋಟದಂತಲ್ಲ ಎಂದು ನನಗನ್ನಿಸುತ್ತದೆ.

“ಡ್ರೈವಿಂಗ್ ಕಲೀರಿ ಆಂಟಿ, ಸ್ಟೀರಿಂಗ್ ನಿಮ್ಮ ಕೈಗೆ ಬಂದ್ರೆ ಒಲೆ ಅವರ ಪಾಲಿಗೆ ಹೋಗುತ್ತೆ” ಎಂದೆ.

“ಬೇಡಮ್ಮ, ಆಮೇಲೆ ಅದೂ ನನ್ನ ಕೆಲಸಾನೇ ಆಗುತ್ತೆ.”

ಆಯುಧಪೂಜೆ ಮುಗಿಸಿ ಮತ್ತೆ ಹೊರಡುತ್ತಾರೆ. ಆ ದಿನಕ್ಕೆ ಕಾಯುತ್ತಿರುವುದು ಅಂಕಲ್‌ಗಿಂತ ಹೆಚ್ಚಾಗಿ ಆಂಟಿಯೇ.