ಕೊನೆಯಲ್ಲಿ ನಡೆಯುವವರು

ಇಪ್ಪತ್ತೈದು ಜನ ಒಟ್ಟಾಗಿ ಬೆಟ್ಟ ಹತ್ತಲು ಹೊರಟರೆ ಅಲ್ಲಿ ಇಪ್ಪತ್ತೈದು ಬಗೆಯ ನಡಿಗೆ ಇರುತ್ತದೆ. ಕೆಲವರ ಕಾಲಿಗೆ ಗಾಲಿ ಕಟ್ಟಿದಂತಿರುತ್ತದೆ. ಕೆಲವರು ಹತ್ತು ಮೆಟ್ಟಿಲಿಗೊಮ್ಮೆ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಆಹಾ, ಗಾಳಿ ಎಷ್ಟು ಚೆನ್ನಾಗಿದೆ!’ ಎನ್ನುತ್ತ ಏದುಸಿರನ್ನು ಮುಚ್ಚಿಕೊಳ್ಳುತ್ತಾರೆ. ಹೀಗಿರುವಾಗ ಗುಂಪು ಯಾರ ನಡಿಗೆಯಲ್ಲಿ ನಡೆಯಬೇಕು? ಮುಂದಿನವರು ನಿಲ್ಲಬೇಕೋ, ಹಿಂದಿನವರು ಓಡಬೇಕೋ? ಕೇಳಲು ಇದು ಚಿಕ್ಕ ಪ್ರಶ್ನೆ. ಆದರೆ ಇದನ್ನು ತಲೆಯಲ್ಲಿ ಹೊತ್ತು ಐದಾರು ವರ್ಷ ಬೆಟ್ಟಗಳನ್ನು ಹತ್ತಿಳಿದಿರುವ ನನಗೆ, ನಮ್ಮ ಅಡುಗೆಮನೆಯಲ್ಲೂ ತರಗತಿಯಲ್ಲೂ ಇರುವುದು ಇದೇ ಪ್ರಶ್ನೆ ಎನ್ನಿಸಿಬಿಟ್ಟಿದೆ.

ನಮ್ಮದು ತುಮಕೂರು. ನಮ್ಮ ಬಡಾವಣೆಯ ಸುತ್ತಮುತ್ತಲಿನವರೇ ಸೇರಿ ಕಟ್ಟಿಕೊಂಡ ಒಂದು ಚಾರಣ ಬಳಗವಿದೆ. ಬ್ಯಾಂಕಿನವರು, ಕಾಲೇಜು ಹುಡುಗರು, ನಿವೃತ್ತರು, ನನ್ನಂಥ ಮೇಷ್ಟರು ಮೇಡಂಗಳು, ಜೊತೆಗೆ ಗೃಹಿಣಿಯರು. ತಿಂಗಳಿಗೊಂದು ಭಾನುವಾರ ದೇವರಾಯನದುರ್ಗವೋ, ಮಧುಗಿರಿಯೋ, ಶಿವಗಂಗೆಯೋ ನಮ್ಮ ಪಾಲಿನದು. ಎಲ್ಲೋ ವರ್ಷಕ್ಕೊಮ್ಮೆ ಕೊಡಚಾದ್ರಿ. ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಮನೆಯವರಿಗೆ ತಿಂಡಿ ಮಾಡಿಟ್ಟು, ನಮ್ಮ ಪಾಲಿನ ಚಿತ್ರಾನ್ನವನ್ನು ಡಬ್ಬಿಗೆ ತುಂಬಿ ಹೊರಡುವ ಸಂಭ್ರಮ ನಿಮಗೂ ಗೊತ್ತಿದ್ದೀತು. ಗಂಡಸರು ಬರಿಗೈ ಬೀಸಿಕೊಂಡು ಬಸ್ಸು ಹತ್ತುವುದೂ ಗೊತ್ತಿದ್ದೀತು. ಆ ಮಾತು ಇಲ್ಲಿ ಬೇಡ.

ಬಳಗದ ನಿಯಮ ಒಂದೇ. ದಾರಿ ಬಲ್ಲವರೊಬ್ಬರು ಎಲ್ಲರಿಗಿಂತ ಮುಂದೆ, ಇನ್ನೊಬ್ಬರು ಎಲ್ಲರಿಗಿಂತ ಹಿಂದೆ. ಮುಂದಿನವರನ್ನು ಯಾರೂ ದಾಟುವಂತಿಲ್ಲ, ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ಹೀಗೆ ಕೊನೆಯಲ್ಲಿ ಬರುವವರನ್ನು ಚಾರಣಿಗರು ‘ಸ್ವೀಪ್’ ಎನ್ನುತ್ತಾರೆ. ಗುಡಿಸುವವರು ಎಂದರ್ಥ. ಮೊದಲ ಸಲ ಆ ಕೆಲಸ ನನ್ನ ಪಾಲಿಗೆ ಬಂದಾಗ ನಕ್ಕುಬಿಟ್ಟೆ. ಮನೆಯಲ್ಲಿ ಗುಡಿಸಿದ್ದು ಸಾಲದೆಂದು ಬೆಟ್ಟವನ್ನೂ ಗುಡಿಸಬೇಕೆ? ಈ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆಂದು ತಿಳಿದ ಮೇಲೆ ನಗು ನಿಂತಿತು. ಹೆಂಗಸರಿಗೆಂದೇ ಮೀಸಲಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಬೇಗ ನಡೆಯುವವರ ವಾದವನ್ನೂ ಕೇಳಬೇಕು. ಅದು ಬರೀ ಸ್ವಾರ್ಥವಲ್ಲ. ನಮ್ಮ ಬಳಗದಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದಾನೆ. ‘ಮೇಡಂ, ವಾರವೆಲ್ಲ ಬೆಂಚಿನ ಮೇಲೆ ಕೂತು ಕೂತು ಸಾಕಾಗಿರುತ್ತೆ. ಇಲ್ಲೂ ಆಮೆ ಹಾಗೆ ನಡೀಬೇಕಾ? ನಿಧಾನದವರು ಒಂದು ಗಂಟೆ ಮುಂಚೆ ಹೊರಡಲಿ’ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಮೈಯಲ್ಲಿ ಕಸುವಿರುವಾಗ ಎದೆ ಡಬಡಬ ಎನ್ನುವಂತೆ ಹತ್ತುವುದೇ ಒಂದು ಸುಖ. ಅದನ್ನು ಕಸಿದುಕೊಳ್ಳಲು ನಾವು ಯಾರು? ಇನ್ನೊಂದು ಕಡೆ, ನಿಧಾನವಾಗಿ ನಡೆಯುವವರ ಕಷ್ಟ ಬರೀ ಮಂಡಿನೋವಲ್ಲ. ಮೇಲೆ ಬಂಡೆಯ ಮೇಲೆ ಹತ್ತು ಜನ ಕುಳಿತು ತನ್ನನ್ನೇ ನೋಡುತ್ತಿದ್ದಾರೆ, ತನಗಾಗಿ ಕಾಯುತ್ತಿದ್ದಾರೆ ಎನ್ನುವ ನಾಚಿಕೆ ಮಂಡಿನೋವಿಗಿಂತ ದೊಡ್ಡದು.

ನೀವು ಗಮನಿಸಿದ್ದೀರೋ ಇಲ್ಲವೋ, ಗುಂಪಿನ ನಡಿಗೆಯಲ್ಲಿ ಒಂದು ವಿಚಿತ್ರ ಅನ್ಯಾಯ ನಡೆಯುತ್ತದೆ. ಮುಂದಿನವರು ಬೇಗ ಹತ್ತಿ ಒಂದು ಕಡೆ ಕೂರುತ್ತಾರೆ. ನೀರು ಕುಡಿದು, ಸೌತೆಕಾಯಿ ಕಡಿದು, ಹರಟೆ ಹೊಡೆದು ಕಾಲು ಗಂಟೆ ಸುಧಾರಿಸಿಕೊಳ್ಳುತ್ತಾರೆ. ಕೊನೆಯವರು ಬೆವರು ಸುರಿಸಿಕೊಂಡು ಬಂದು ಮುಟ್ಟಿದ ಕೂಡಲೇ, ‘ಹಾಂ, ಎಲ್ಲ ಬಂದಾಯ್ತಲ್ಲ, ಹೊರಡೋಣ’ ಎಂದು ಎದ್ದುಬಿಡುತ್ತಾರೆ. ಅಂದರೆ ಯಾರಿಗೆ ವಿಶ್ರಾಂತಿ ಹೆಚ್ಚು ಬೇಕೋ ಅವರಿಗೇ ವಿಶ್ರಾಂತಿ ಇಲ್ಲ. ಮುಂದಿನವರಿಗೆ ತಾವು ಕಾದೆವೆಂಬ ಸಮಾಧಾನ ಬೇರೆ! ನಮ್ಮ ಮನೆಗಳ ಊಟವೂ ಹೀಗೇ ಅಲ್ಲವೆ? ಎಲ್ಲರಿಗೂ ಬಡಿಸಿ ನಾವು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಮಿಕ್ಕವರು ಕೈತೊಳೆದು ಎದ್ದಿರುತ್ತಾರೆ. ‘ನಿನಗೋಸ್ಕರ ಸಾರು ಉಳಿಸಿದ್ದೀವಿ’ ಎನ್ನುವುದು ಪ್ರೀತಿಯ ಮಾತೇ. ಆದರೆ ಜೊತೆಯಲ್ಲಿ ಕೂರುವುದು ಬೇರೆ, ಸಾರು ಉಳಿಸುವುದು ಬೇರೆ.

ಈಗ ನಮ್ಮ ಬಳಗದಲ್ಲಿ ಕೊನೆಯವರು ಬಂದು ಕುಳಿತ ಮೇಲೆ ಐದು ನಿಮಿಷ ಯಾರೂ ಏಳುವಂತಿಲ್ಲ. ಇಷ್ಟು ಸಣ್ಣ ನಿಯಮ ಮಾಡಲು ನಾವು ಎರಡು ವರ್ಷ ಜಗಳವಾಡಿದ್ದೇವೆ.

ನಮ್ಮ ಪುರಾಣದಲ್ಲೂ ಒಂದು ಗುಂಪಿನ ನಡಿಗೆಯಿದೆ. ಮಹಾಭಾರತದ ಕೊನೆಗೆ ಪಾಂಡವರು ಎಲ್ಲವನ್ನೂ ಬಿಟ್ಟು ಹಿಮಾಲಯದ ಕಡೆ ಹೊರಡುತ್ತಾರೆ. ಐವರು ಗಂಡಸರು, ದ್ರೌಪದಿ, ಹಿಂದೆ ಒಂದು ನಾಯಿ. ಮೊದಲು ಕುಸಿದು ಬೀಳುವವಳು ದ್ರೌಪದಿ. ಏಕೆ ಬಿದ್ದಳೆಂದು ಭೀಮ ಕೇಳಿದರೆ, ಅವಳಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತೆಂದು ಹೇಳಿ ಧರ್ಮರಾಯ ತಿರುಗಿಯೂ ನೋಡದೆ ಮುಂದೆ ನಡೆಯುತ್ತಾನೆ. ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ, ಒಬ್ಬೊಬ್ಬರಾಗಿ ಬಿದ್ದಾಗಲೂ ಹಾಗೆಯೇ, ಒಬ್ಬೊಬ್ಬರಿಗೂ ಒಂದೊಂದು ದೋಷ. ಆದರೆ ಸ್ವರ್ಗದ ರಥ ಬಂದಾಗ, ನಾಯಿಯನ್ನು ಬಿಟ್ಟು ಬರುವುದಿಲ್ಲವೆಂದು ಅದೇ ಧರ್ಮರಾಯ ಇಂದ್ರನ ಎದುರು ಹಟ ಹಿಡಿಯುತ್ತಾನೆ. ಆಮೇಲೆ ಆ ನಾಯಿ ಯಮಧರ್ಮನೇ ಎಂದು ತಿಳಿಯುತ್ತದೆ.

ಈ ಕಥೆ ಹೇಳಿದಾಗಲೆಲ್ಲ ಏಳನೆಯ ತರಗತಿಯ ಹುಡುಗಿಯರಲ್ಲಿ ಯಾರಾದರೊಬ್ಬಳು ಎದ್ದು, ‘ಮಿಸ್, ನಾಯಿಗೆ ನಿಂತೋನು ದ್ರೌಪದಿಗೆ ಯಾಕೆ ನಿಲ್ಲಲಿಲ್ಲ?’ ಎಂದು ಕೇಳಿಯೇ ಕೇಳುತ್ತಾಳೆ. ಅದು ಮಹಾಪ್ರಸ್ಥಾನ, ದೇಹ ಬಿಡಲೆಂದೇ ಹೊರಟವರು, ಅಲ್ಲಿ ಹಿಂದಿರುಗಿ ನೋಡುವಂತಿಲ್ಲ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಬಿದ್ದವರ ದೋಷವನ್ನು ಎಣಿಸಿದರೆ ನಡೆಯುವವರಿಗೆ ಮುಂದೆ ಹೋಗುವುದು ಸುಲಭವಾಗುತ್ತದೆ ಎಂಬುದನ್ನಂತೂ ಆ ಕಥೆ ತೋರಿಸುತ್ತದೆ. ‘ಅವರು ಅಭ್ಯಾಸ ಮಾಡಿರಲಿಲ್ಲ’, ‘ಅವರ ತೂಕ ಜಾಸ್ತಿ’, ‘ಅವರು ಬರಲೇಬಾರದಿತ್ತು’ ಎಂದು ನಾವೂ ಹೇಳುತ್ತೇವೆ. ನಮ್ಮದು ಮಹಾಪ್ರಸ್ಥಾನವಲ್ಲ. ಸಂಜೆ ಎಲ್ಲರೂ ಮನೆಗೆ ಬಂದು ಕುಕ್ಕರ್ ಇಡಬೇಕಾದವರು.

ಹಾಗಿದ್ದರೆ ಎಲ್ಲರೂ ಅತ್ಯಂತ ನಿಧಾನದವರ ಹೆಜ್ಜೆಗೇ ಹೆಜ್ಜೆ ಹಾಕಬೇಕೆ? ಮೂವತ್ತು ವರ್ಷ ಪಾಠ ಹೇಳಿದವಳಾಗಿ ನಾನು ಇದನ್ನು ಒಪ್ಪಲಾರೆ. ಹಿಂದಿನ ಬೆಂಚಿನ ಮಗುವಿಗೆ ಭಿನ್ನರಾಶಿ ತಿಳಿಯುವವರೆಗೆ ತರಗತಿಯನ್ನೆಲ್ಲ ನಿಲ್ಲಿಸಿದರೆ ಮುಂದಿನ ಬೆಂಚಿನ ಮಕ್ಕಳು ಬೇಸತ್ತು ಪಕ್ಕದವರ ಜಡೆ ಎಳೆಯುತ್ತಾರೆ. ಮುಂದಿನವರ ವೇಗಕ್ಕೆ ಪಾಠ ಮಾಡಿದರೆ ಹಿಂದಿನವರು ಕಾಣದಂತಾಗುತ್ತಾರೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ. ವೇಗ ಒಂದೇ ಇರಬೇಕಾಗಿಲ್ಲ. ಆದರೆ ಲೆಕ್ಕ ಒಂದೇ ಇರಬೇಕು. ಹೊರಟಾಗ ಇಪ್ಪತ್ತೇಳು ಜನರಿದ್ದರೆ ಪ್ರತಿ ತಿರುವಿನಲ್ಲೂ ಇಪ್ಪತ್ತೇಳು ಎಂದು ಯಾರಿಗಾದರೂ ಗೊತ್ತಿರಬೇಕು.

ರಿಚರ್ಡ್ ಶಿರ್‌ಮನ್ ಎಂಬ ಜರ್ಮನಿಯ ಮೇಷ್ಟರು ನನಗೆ ಈ ಕಾರಣಕ್ಕೇ ಇಷ್ಟ. 1909ರ ಆಗಸ್ಟ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಗುಡುಗು ಮಳೆ ಹಿಡಿದುಕೊಂಡಿತು. ಒಂದು ಹಳ್ಳಿಯ ಶಾಲೆಯಲ್ಲಿ ಹುಲ್ಲಿನ ಮೇಲೆ ಮಕ್ಕಳನ್ನು ಮಲಗಿಸಿ ಆ ರಾತ್ರಿ ಕಳೆದರು. ಒಂದು ದಿನದ ನಡಿಗೆಗೊಂದರಂತೆ ಮಕ್ಕಳಿಗೆ ತಂಗುದಾಣವಿರಬೇಕೆಂಬ ಯೋಚನೆ ಅವರಿಗೆ ಹೊಳೆದದ್ದು ಆಗಲೇ. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಅಂಥ ತಂಗುದಾಣ ಶುರುವಾಯಿತು. ಲೋಕದ ತುಂಬ ಇರುವ ಯೂತ್ ಹಾಸ್ಟೆಲುಗಳ ಮೂಲ ಅದು. ದೂರವನ್ನು ಅಳೆಯಲು ಅವರು ಆರಿಸಿಕೊಂಡ ಗಜಕಡ್ಡಿ ಮಕ್ಕಳ ಕಾಲು. ಗಟ್ಟಿಕಾಲಿನವರನ್ನು ಅವರು ತಡೆಯಲಿಲ್ಲ. ಸಣ್ಣ ಕಾಲಿಗೂ ರಾತ್ರಿಯೊಳಗೆ ಒಂದು ಸೂರು ಸಿಗಲಿ ಎಂದರು, ಅಷ್ಟೆ.

ಲೆಕ್ಕವಿಲ್ಲದಿದ್ದರೆ ಗುಂಪು ಗುಂಪಾಗಿರದೆ ಜಾತ್ರೆಯಾಗುತ್ತದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ್ದರು. ಅರಣ್ಯ ಇಲಾಖೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮುಂಗಡ ನೋಂದಣಿ ಮಾಡಿಸಿದ ಇಂತಿಷ್ಟೇ ಜನರಿಗೆ ಅವಕಾಶ ಎಂಬ ವ್ಯವಸ್ಥೆಗೆ ಕೈಹಾಕಬೇಕಾಯಿತು. ಅಷ್ಟು ಜನರಿರುವ ಕಡೆ ಯಾರು ಯಾರಿಗಾಗಿ ಕಾಯುತ್ತಾರೆ?

ಇನ್ನು ನಮ್ಮ ಹೆಂಗಸರ ವಿಷಯಕ್ಕೆ ಬರೋಣ. ಮಧುಗಿರಿಯದು ಏಕಶಿಲಾ ಬೆಟ್ಟ. ಮೇಲೆ ಹೋದಂತೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಹತ್ತೂವರೆಯಾಯಿತೆಂದರೆ ಕಲ್ಲು ಕಾಯತೊಡಗುತ್ತದೆ. ಹೋದ ವರ್ಷ ಅಲ್ಲಿಗೆ ಹೋದಾಗ ಕೊನೆಯಲ್ಲಿ ನಡೆಯುವ ಸರದಿ ನನ್ನದು. ನಮ್ಮ ಜೊತೆಗಿದ್ದ ಅರವತ್ತು ದಾಟಿದ ಒಬ್ಬರು, ನಾವೆಲ್ಲ ಅಕ್ಕ ಎನ್ನುತ್ತೇವೆ, ಕೋಟೆಯ ಒಂದು ಬಾಗಿಲ ನೆರಳಿನಲ್ಲಿ ಕುಳಿತು, ‘ನೀವೆಲ್ಲ ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’ ಎಂದರು. ನಗುನಗುತ್ತಲೇ ಹೇಳಿದರು. ಆ ಮಾತು ನಮಗೆಷ್ಟು ಪರಿಚಿತ! ನೀವು ಊಟ ಮಾಡಿ, ನಾನು ಆಮೇಲೆ. ನೀವು ಸಿನಿಮಾಕ್ಕೆ ಹೋಗಿ, ನಾನು ಮನೇಲಿರ್ತೀನಿ. ಹೇಳಿ ಹೇಳಿ ಅದು ನಿಜವೋ ಅಭ್ಯಾಸವೋ ನಮಗೇ ತಿಳಿಯದಂತಾಗಿದೆ.

ನಾನು ಕೇಳಿದೆ: ‘ಅಕ್ಕ, ಕಾಲು ಬೇಡ ಅನ್ನುತ್ತಾ, ಇಲ್ಲಾ ನಮಗೆ ತೊಂದರೆ ಆಗುತ್ತೆ ಅಂತ ಹೇಳ್ತಿದ್ದೀರಾ?’

ಅವರು ಸ್ವಲ್ಪ ಹೊತ್ತು ಸೆರಗಿನಿಂದ ಗಾಳಿ ಹಾಕಿಕೊಂಡರು. ‘ನಿಮಗೆ ತೊಂದರೆ ಅಂತಾನೇ’ ಎಂದರು.

ಮುಂದಿನವರಿಗೆ ಹೇಳಿ ಕಳುಹಿಸಿ ನಾವು ನಾಲ್ವರು ಅವರೊಂದಿಗೆ ಉಳಿದೆವು. ನನಗೂ ಶಿಖರದ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಮೇಲಿನಿಂದ ಹುಡುಗರ ಕೇಕೆ ಕೇಳಿದಾಗ ಕಾಲು ತುಡಿಯುತ್ತಿತ್ತು. ಕೂತು, ಎದ್ದು, ಮಜ್ಜಿಗೆ ಕುಡಿದು, ಮತ್ತೂ ಎರಡು ಬಾಗಿಲು ದಾಟಿದೆವು. ಕಂಬಿ ಹಿಡಿದು ಹತ್ತುವ ಜಾಗ ಬಂದಾಗ ಅಕ್ಕ ಮೇಲೊಮ್ಮೆ ನೋಡಿ, ಕೆಳಗೆ ಊರು ನೋಡಿ, ‘ಇಲ್ಲಿಗೆ ಸಾಕು ಕಣಮ್ಮ. ಇದು ನನ್ನ ಕಾಲಿನ ಮಾತು’ ಎಂದರು. ಮೊದಲ ‘ಸಾಕು’ ನಮಗಾಗಿ ಹೇಳಿದ್ದು, ಎರಡನೆಯದು ಅವರದೇ. ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ. ಇನ್ನೊಮ್ಮೆ ಕೇಳದೆ, ಬರುವ ಉತ್ತರ ಯಾವುದಾದರೂ ಒಪ್ಪಲು ಸಿದ್ಧರಾಗದೆ, ಅವುಗಳ ವ್ಯತ್ಯಾಸ ತಿಳಿಯುವುದಿಲ್ಲ.

ಶಿಖರ ಮುಟ್ಟಿದವರೂ ಒಬ್ಬರೇ ಮುಟ್ಟಿರುವುದಿಲ್ಲ. ಎವರೆಸ್ಟ್ ಏರಿದ ಮೊದಲ ಮಹಿಳೆ ಜಪಾನಿನ ಜುಂಕೊ ತಾಬೆಯಿ 1969ರಲ್ಲೇ ಹೆಂಗಸರಿಗಾಗಿ ಒಂದು ಪರ್ವತಾರೋಹಣ ಕ್ಲಬ್ ಕಟ್ಟಿದ್ದರು. 1975ರಲ್ಲಿ ಹದಿನೈದು ಮಹಿಳೆಯರ ತಂಡದೊಂದಿಗೆ ಹೊರಟರು. ಮೇ 4ರಂದು ಹಿಮ ಕುಸಿದು ಗುಡಾರದಲ್ಲೇ ಹೂತುಹೋದ ಅವರನ್ನು ಶೆರ್ಪಾಗಳು ಎಳೆದು ತೆಗೆದರು. ಮೇ 16ರಂದು ಅವರು ಶಿಖರದ ಮೇಲಿದ್ದರು. ಮಿಕ್ಕವರು ಕೆಳಗೆ ಉಳಿದದ್ದರಿಂದಲೇ ಒಬ್ಬರು ಮೇಲೇರಿದ್ದು. ಮುಂದೆ ಅವರು ಎವರೆಸ್ಟಿನ ಮೇಲೆ ಚಾರಣಿಗರು ಬಿಟ್ಟುಬಂದ ಕಸವನ್ನೇ ಅಧ್ಯಯನದ ವಿಷಯವಾಗಿಸಿಕೊಂಡು, ಅರವತ್ತರ ಹೊಸ್ತಿಲಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಕಸದ ಮಾತು ಬಂದದ್ದು ಒಳ್ಳೆಯದಾಯಿತು. ಸಂಕ್ರಾಂತಿಯ ಜಾತ್ರೆ ಮುಗಿದ ಮೇಲೆ ನಮ್ಮ ಬಳಗ ಶಿವಗಂಗೆಯ ಮೆಟ್ಟಿಲುಗಳ ಕಸ ಆರಿಸಲು ಹೋಗುತ್ತದೆ. ಆಗ ಗೋಣಿಚೀಲ ಇರುವುದು ಕೊನೆಯವರ ಕೈಯಲ್ಲಿ. ಮುಂದೆ ನಡೆಯುವವರಿಗೆ ದಾರಿ, ಆಕಾಶ ಕಾಣುತ್ತದೆ. ಕೊನೆಯವರಿಗೆ ನೀರಿನ ಬಾಟಲಿ, ಗುಟ್ಕಾ ಚೀಟಿ, ಕಿತ್ತ ಚಪ್ಪಲಿ ಕಾಣುತ್ತದೆ. ತಟ್ಟೆ ತೊಳೆಯುವವರಿಗೆ ಯಾರು ಏನು ಬಿಟ್ಟರೆಂದು ಗೊತ್ತಾಗುವ ಹಾಗೆ. ಅದಕ್ಕೇ ಆ ಜಾಗದಲ್ಲಿ ಎಲ್ಲರೂ ಒಮ್ಮೆಯಾದರೂ ನಡೆಯಬೇಕು ಎನ್ನುತ್ತೇನೆ.

ಈ ಸಲ ಆ ಎಂಜಿನಿಯರಿಂಗ್ ಹುಡುಗನ ಸರದಿ. ಸಂಜೆ ಬಸ್ಸಿನ ಹತ್ತಿರ, ‘ಹೇಗಿತ್ತಪ್ಪ?’ ಎಂದೆ. ‘ಬಹಳ ಬೋರ್ ಮೇಡಂ. ಮುಂದಿನ ಸಲ ನಾನು ಮುಂದೆ’ ಎಂದ. ಆಮೇಲೆ ಜೇಬಿನಿಂದ ಚೀಟಿ ತೆಗೆದು, ‘ಇಪ್ಪತ್ತೇಳು ಜನ ಹತ್ತಿದ್ದು, ಇಪ್ಪತ್ತೇಳೂ ಇಳಿದಿದ್ದಾರೆ. ಮೂರು ಸಲ ಎಣಿಸಿದೀನಿ’ ಎಂದ. ನನಗೆ ಅಷ್ಟು ಸಾಕು. ಅವನು ನಿಧಾನವನ್ನು ಪ್ರೀತಿಸಬೇಕಾಗಿಲ್ಲ. ಎಣಿಸಿದರಾಯಿತು.

ಕೊನೆಯ ಜಾಗ ಹೆಂಗಸರಿಗೆ ಹೊಸದಲ್ಲ. ಕೇಳದೆಯೇ ನಮ್ಮ ಪಾಲಿಗೆ ಬಂದಾಗ ಅದು ರೂಢಿ. ಸರದಿಯಂತೆ ಎಲ್ಲರ ಪಾಲಿಗೂ ಬಂದು, ನಮ್ಮ ಸರದಿಯಲ್ಲಿ ನಾವಾಗಿ ನಿಂತಾಗ ಅದು ಜವಾಬ್ದಾರಿ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಕ್ಕನ ಎರಡು ‘ಸಾಕು’ಗಳ ಹಾಗೆ. ಮುಂದಿನ ಭಾನುವಾರ ನಿಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಯಾರಾದರೂ ಒಬ್ಬರಿಗೆ ತಲೆ ಎಣಿಸಲು ಹೇಳಿ ನೋಡಿ. ಎಣಿಕೆಯಲ್ಲಿ ನೀವು ಕಡಿಮೆ ಬಿದ್ದರೆ, ಅನ್ನದ ಪಾತ್ರೆಯನ್ನು ನಡುವೆ ಇಟ್ಟು ನೀವೂ ಕೂತುಬಿಡಿ. ಬೇಕಾದವರು ಬಡಿಸಿಕೊಳ್ಳುತ್ತಾರೆ.