ಮುಕ್ತಾಯಕ್ಕನ ಪ್ರಶ್ನೆ

ದೂರದಿಂದ ನೋಡಿದರೆ ಹುಲಿಯೂರುದುರ್ಗದ ಬೆಟ್ಟ ಬೋರಲು ಹಾಕಿದ ಬಟ್ಟಲಿನ ಹಾಗೆ ಕಾಣುತ್ತದೆ. ಈ ಸೀಮೆಯಲ್ಲಿ ಊರಮ್ಮನ ಹಬ್ಬದ ಇರುಳು ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ಬರುವುದನ್ನು ನೋಡಿದ್ದೇನೆ. ತಲೆಯ ಮೇಲೆ ದೀಪ, ಕಾಲಕೆಳಗೆ ಕಲ್ಲುಹಾದಿ. ಗಾಳಿಗೆ ಕುಡಿ ತುಯ್ದಾಡಿದರೂ ಕತ್ತು ಅಲುಗುವುದಿಲ್ಲ. ಹೊಲದಲ್ಲಿ ದಿನವಿಡೀ ಬಾಗಿದ ಅದೇ ಮೈ ಆ ಹೊತ್ತಿನಲ್ಲಿ ಗುಡಿಯ ಕಂಬದಷ್ಟು ನೆಟ್ಟಗಿರುತ್ತದೆ. ನೋಡಿದಷ್ಟೂ ಬೆರಗು.

ಐರ್ಲೆಂಡಿನ ಕಿಲ್ಡೇರ್‌ನಲ್ಲೂ ಹೆಂಗಸರು ಕಾಯ್ದ ಬೆಂಕಿಯೊಂದಿತ್ತು. ಕೆಲ್ಟಿಕ್ ಪುರಾಣದ ಬ್ರಿಜಿಡ್ ಕಾವ್ಯಕ್ಕೆ, ಮದ್ದಿಗೆ, ಕಮ್ಮಾರಿಕೆಗೆ ಒಡತಿ. ಅದೇ ಹೆಸರಿನ ಸಂತಳ ಮಠದಲ್ಲಿ ಹತ್ತೊಂಬತ್ತು ಸನ್ಯಾಸಿನಿಯರು ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ರಾತ್ರಿ ಬೆಂಕಿ ಕಾಯುತ್ತಿದ್ದರಂತೆ. ಇಪ್ಪತ್ತನೆಯ ರಾತ್ರಿ ಬ್ರಿಜಿಡ್‌ಳದೇ ಪಾಳಿ. 12ನೇ ಶತಮಾನದಲ್ಲಿ ವೇಲ್ಸ್‌ನ ಜೆರಾಲ್ಡ್ ಇದನ್ನು ಬರೆದಿಟ್ಟಿದ್ದಾನೆ. ದೀಪ ಹೊರುವುದು, ಕಿಚ್ಚು ಕಾಯುವುದು ಅಲ್ಲೂ ಇಲ್ಲೂ ಹೆಣ್ಣಿನ ಪಾಲಿಗೇ ಬಂದಿದೆ. ಮಾತು ಮಾತ್ರ ಯಾರ ಪಾಲಿಗೆ ಬಂತು?

ಆಂಗ್ಲೋ-ಸ್ಯಾಕ್ಸನ್ನರ ನಾಡಿನಲ್ಲಿ ಹಿಲ್ಡ್ ಎಂಬಾಕೆ 657ರಲ್ಲಿ ವಿಟ್ಬಿಯ ಮಠ ಕಟ್ಟಿದಳು. ಗಂಡಸರೂ ಹೆಂಗಸರೂ ಇದ್ದ ಮಠ, ಆಕೆಯೇ ಒಡತಿ. 664ರಲ್ಲಿ ಅಲ್ಲಿನ ಕ್ರೈಸ್ತರು ಯಾವ ಪದ್ಧತಿಯಲ್ಲಿ ನಡೆಯಬೇಕೆಂದು ತೀರ್ಮಾನಿಸಿದ ಸಭೆ ಸೇರಿದ್ದು ಅವಳ ಅಂಗಳದಲ್ಲಿ. ಕನಸಿನಲ್ಲಿ ಹಾಡು ಒಲಿಯಿತೆಂದ ದನಗಾಹಿ ಕ್ಯಾಡ್ಮನ್‌ನನ್ನು ಕೂರಿಸಿಕೊಂಡು ಕೇಳಿ, ಮಠಕ್ಕೆ ಸೇರಿಸಿಕೊಂಡವಳು ಅವಳೇ. ಬೀಡ್ ಎಂಬ ಸನ್ಯಾಸಿ 731ರ ತನ್ನ ಇತಿಹಾಸದಲ್ಲಿ ಇದನ್ನೆಲ್ಲ ಹೇಳಿದ್ದಾನೆ. ಆದರೆ ಹಿಲ್ಡ್‌ಳದೇ ಆದ ಬರಹ ಒಂದೂ ಉಳಿದಿಲ್ಲ. ಅಷ್ಟು ಜನರ ಮಾತಿಗೆ ಕಿವಿಯಾದವಳ ದನಿ ನಮಗೆ ದಕ್ಕಲಿಲ್ಲವೆಂಬುದು ನನ್ನನ್ನು ಕಾಡುತ್ತದೆ.

ಆಗೆಲ್ಲ ನನಗೆ ನೆನಪಾಗುವುದು ಹುಲಿಯೂರುದುರ್ಗವಿರುವ ನಮ್ಮ ಕುಣಿಗಲ್ ಸೀಮೆ. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಯಡಿಯೂರಿನಲ್ಲಿ ಸಮಾಧಿಯಾದ ತೋಂಟದ ಸಿದ್ಧಲಿಂಗರ ಪರಂಪರೆಯಲ್ಲಿ ಶರಣರ ವಚನಗಳನ್ನು ಮತ್ತೆ ಆಯ್ದು ಕೂಡಿಸುವ ಕೆಲಸ ನಡೆಯಿತು. ಗುಮ್ಮಳಾಪುರದ ಸಿದ್ಧಲಿಂಗರು, ತುಮಕೂರಿಗೆ ಮಗ್ಗುಲಲ್ಲೇ ಇರುವ ಗೂಳೂರಿನ ಸಿದ್ಧವೀರಣ್ಣೊಡೆಯರು ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯನ್ನು ತಿದ್ದಿ ಬೆಳೆಸಿದರು. ಅದರಲ್ಲಿ ಅಕ್ಕಮಹಾದೇವಿ ಅಲ್ಲಮನೆದುರು ನಿಂತದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡ ಬೆರಗು ಮುಕ್ತಾಯಕ್ಕ.

ಅಣ್ಣ ಅಜಗಣ್ಣ ಭಕ್ತಿಯನ್ನು ಯಾರಿಗೂ ತೋರಗೊಡದೆ ಬಾಳಿದವನು. ಅವನು ತೀರಿಹೋದಾಗ ಮುಕ್ತಾಯಕ್ಕ ಅಳುತ್ತ ಕೂತಿದ್ದಾಳೆ. ದಾರಿಯಲ್ಲಿ ಬಂದ ಅಲ್ಲಮ ಸಂತೈಸಲು ತೊಡಗುತ್ತಾನೆ. ಸಾವಿನ ಮನೆಯಲ್ಲಿ ಜ್ಞಾನಿಯೊಬ್ಬ ಸಮಾಧಾನ ಹೇಳಿದರೆ ನಾವಾದರೆ ತಲೆಯಾಡಿಸಿ ಸುಮ್ಮನಾಗುತ್ತೇವೆ. ಅವಳು ಸುಮ್ಮನಾಗಲಿಲ್ಲ. ತಿಳಿದವನು ಮೌನಿಯಾಗಿರಬೇಕಲ್ಲ, ನಿನ್ನಲ್ಲಿ ಇನ್ನೂ ಮಾತು ಉಳಿದಿದೆಯಲ್ಲ ಎಂಬುದು ಅವಳ ಆಕ್ಷೇಪ. ಮಾತಿಗೂ ಅರಿವಿಗೂ ಇರುವ ನಂಟನ್ನು ಅಲ್ಲಮ ಬಿಡಿಸಿ ಹೇಳಬೇಕಾಯಿತು. ಅಳುವ ಹೆಣ್ಣಿನ ಬಾಯಲ್ಲಿ ಇಂಥ ಪ್ರಶ್ನೆ! ದುಃಖ ಅವಳ ಬುದ್ಧಿಯನ್ನು ಮಂಕು ಮಾಡಲಿಲ್ಲ, ಬುದ್ಧಿ ಅವಳ ಕಣ್ಣೀರನ್ನು ನಾಚಿಸಲಿಲ್ಲ. ಎರಡೂ ಒಟ್ಟಿಗೇ ಇದ್ದವು.

ಇದು ಕಲ್ಯಾಣದ ಕಾಲದ ಕಥೆ, 12ನೇ ಶತಮಾನದ್ದು. ಇನ್ನೂರು, ಮುನ್ನೂರು ವರ್ಷಗಳ ಮೇಲೆ ಸಂವಾದಗಳನ್ನು ಜೋಡಿಸಲು ಕೂತ ವಿರಕ್ತರು ಈ ಪ್ರಶ್ನೆಯನ್ನು ಬಿಟ್ಟುಬಿಡಬಹುದಿತ್ತು, ಮೆತ್ತಗೆ ಮಾಡಬಹುದಿತ್ತು. ಮಾಡಲಿಲ್ಲ. ಆ ಸಂವಾದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟರು. ಈ ನೆಲದ ದೊಡ್ಡಸ್ತಿಕೆ ಕೋಟೆಯಲ್ಲಿಲ್ಲ, ಅದರಲ್ಲಿದೆ ಎಂದು ನಾನು ನಂಬಿದ್ದೇನೆ.

ಮುಕ್ತಾಯಕ್ಕನ ವಚನಗಳು ಇಂದಿಗೂ ಓದಲು ಸಿಗುತ್ತವೆ. ಅವಳ ಅಂಕಿತ ಅಜಗಣ್ಣ ತಂದೆ, ಆ ಹೊತ್ತು ಯಾರಿಗಾಗಿ ಅತ್ತಳೋ ಅವನದೇ ಹೆಸರು.